ಈ ದಿನ, ಆ ದಿನ

ಆ ಊರಿನಲ್ಲಿ ದಿನಗಳು ಮುಗಿಯುತ್ತಿದ್ದವು, ಆದರೆ ಹೋಗುತ್ತಿರಲಿಲ್ಲ.

ಸೂರ್ಯ ಹೊಳೆಯಾಚೆ ಇಳಿಯುತ್ತಿದ್ದಂತೆ ಪ್ರತಿಯೊಬ್ಬರ ಹೆಗಲಿನಿಂದ ಒಂದು ಬಟ್ಟೆ ಜಾರಿ ನೆಲಕ್ಕೆ ಬೀಳುತ್ತಿತ್ತು. ಅದು ಅವರ ಅಂದಿನ ದಿನ. ಬೆಳಗ್ಗೆ ಕುಡಿದ ಗಂಜಿ, ಬಾವಿಕಟ್ಟೆಯ ಜಗಳ, ಮಧ್ಯಾಹ್ನದ ತೂಕಡಿಕೆ, ಯಾರಿಗೋ ಕಾದು ನಿಂತ ಹೊತ್ತು, ಎಲ್ಲವೂ ಅದರಲ್ಲಿ ನೇಯ್ದಿರುತ್ತಿತ್ತು. ಅಂಚಿನಲ್ಲಿ ಮೂರು ಬಣ್ಣದ ಎಳೆಗಳು: ವರ್ಷಕ್ಕೆ ಕೆಂಪು, ತಿಂಗಳಿಗೆ ಹಸಿರು, ತಾರೀಖಿಗೆ ಬಿಳಿ. ಎಣಿಸಿದರೆ ಅದು ಯಾವ ದಿನವೆಂದು ತಿಳಿಯುತ್ತಿತ್ತು. ಎಣಿಸುವ ವ್ಯವಧಾನ ಮಾತ್ರ ಯಾರಿಗೂ ಇರಲಿಲ್ಲ.

ಜನ ತಮ್ಮ ದಿನವನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಊರ ನಡುವಿನ ಅಟ್ಟಕ್ಕೆ ತರುತ್ತಿದ್ದರು. ಹೊರಗೇ ಇಟ್ಟುಕೊಂಡರೆ ಮೂರು ದಿನಕ್ಕೆ ಎಳೆ ಬಿಚ್ಚಿ ಗಾಳಿಗೆ ಹೋಗುತ್ತಿತ್ತು. ಅಟ್ಟದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗೂಡು. ದಿನಕ್ಕೆ ಹೆಸರು ಬರೆದ ಚೀಟಿ ಕಟ್ಟಿ, ಗೂಡಿನಲ್ಲಿಡಬೇಕು. ಅಲ್ಲಿದ್ದದ್ದು ಒಂದೇ ಕಟ್ಟಳೆ. ಒಂದು ಗೂಡಿನಲ್ಲಿ ಒಂದೇ ಹೆಸರಿನ ಎರಡು ದಿನ ಇರಕೂಡದು. ಇಟ್ಟರೆ ಮೇಲಿನದು ಕೆಳಗಿನದನ್ನು ನುಂಗುತ್ತಿತ್ತು. ಸದ್ದಿಲ್ಲ, ಕಲೆಯಿಲ್ಲ. ದಿನ ಕಳೆದುಕೊಂಡವರಿಗೆ ಅಂಥದೊಂದು ದಿನ ಇತ್ತೆಂದು ಗೊತ್ತಿರುತ್ತಿತ್ತು, ಹೇಗಿತ್ತೆಂದು ಗೊತ್ತಿರುತ್ತಿರಲಿಲ್ಲ.

ಚೀಟಿ ಬರೆಯುವವನು ಅಟ್ಟದಜ್ಜ. ಅಕ್ಷರ ಅವನೊಬ್ಬನಿಗೇ ಗೊತ್ತಿತ್ತು. ಅಟ್ಟದ ಕೀಲಿ ಹಿಡಿದವರಿಗಲ್ಲದೆ ಬೇರೆಯವರಿಗೆ ಅಕ್ಷರ ಯಾಕೆ ಎಂದು ಊರು ಹಿಂದೆಯೇ ತೀರ್ಮಾನಿಸಿತ್ತು. ಅಜ್ಜನಿಗೆ ಎರಡು ಚಾಳಿ. ಒಂದು, ಚೀಟಿಯ ಮೇಲೆ ಅಂಗೈಯಗಲದ ಅಕ್ಷರ ಬರೆಯುವುದು. ಇನ್ನೊಂದು, ಬರೆಯುವಾಗ ಪ್ರತಿ ಅಕ್ಷರವನ್ನೂ ಬಾಯಿಬಿಟ್ಟು ಗೊಣಗುವುದು. ಕೇಳಿದರೆ, "ಕಣ್ಣು ಮಂಜಾಗಿದೆ, ಕಿವಿಯೂ ಅಷ್ಟಕ್ಕಷ್ಟೇ. ನನಗೆ ನಾನೇ ಹೇಳಿಕೊಳ್ಳಬೇಕು" ಅನ್ನುತ್ತಿದ್ದ.

ದಿನ ತಂದವರು ಹೆಸರನ್ನೂ ತಾವೇ ಹೇಳಬೇಕಿತ್ತು. ಆದರೆ ಆ ಊರಿನವರ ಬಾಯಲ್ಲಿ ಮುಗಿದ ದಿನಕ್ಕೆಲ್ಲ ಇದ್ದದ್ದು ಒಂದೇ ಮಾತು.

"ಯಾವತ್ತಿನದು?"

"ಮೊನ್ನೆದು."

ನಿನ್ನೆಯ ಹಿಂದಿನ ದಿನವೂ ಮೊನ್ನೆ. ಹೋದ ತಿಂಗಳೂ ಮೊನ್ನೆ. ಮಗಳ ಮದುವೆಯಾಗಿ ಮೊಮ್ಮಕ್ಕಳು ಓಡಾಡುತ್ತಿದ್ದರೂ ಆ ಮದುವೆ ಮೊನ್ನೆ ಮೊನ್ನೆ. ಒಂದು ಮೊನ್ನೆ ಇನ್ನೊಂದು ಮೊನ್ನೆಯನ್ನು ನುಂಗದಿರಲೆಂದು ಅಜ್ಜ ಹೆಸರುಗಳಿಗೆ ಬಾಲ ಕಟ್ಟುತ್ತಿದ್ದ. ಆಚೆ ಮೊನ್ನೆ. ದೊಡ್ಡ ಮೊನ್ನೆ. ಸೊಸೆ ಮುನಿಸಿಕೊಂಡ ಮೊನ್ನೆ. ಕೊನೆಯ ಮೊನ್ನೆ. ಮತ್ತೆ ಆಮೇಲೆ, ನಿಜವಾದ ಕೊನೆಯ ಮೊನ್ನೆ.

ಅಟ್ಟ ಗುಡಿಸಲು ಒಬ್ಬಳಿದ್ದಳು. ಅಟ್ಟ ಕಟ್ಟಿದ ಇಪ್ಪತ್ತಮೂರನೇ ವರ್ಷದಲ್ಲಿ ಆ ಊರಿಗೆ ಬಂದು ಪೊರಕೆ ಹಿಡಿದವಳು. ಗುಡಿಸುತ್ತ ಗುಡಿಸುತ್ತ ಚೀಟಿಗಳನ್ನು ನೋಡಿದಳು. ನೋಡುತ್ತ ನೋಡುತ್ತ ಒಂದು ದಿನ 'ಆಚೆ ಮೊನ್ನೆ' ಎಂಬ ಚೀಟಿಯ ಮೊದಲ ಅಕ್ಷರ 'ಆ' ಎಂದು ಅವಳಿಗೆ ಹೊಳೆಯಿತು. ಅಂದಿನಿಂದ ಮಿಕ್ಕ ಅಕ್ಷರಗಳು ಒಂದೊಂದಾಗಿ ಅವಳ ಕೈಗೆ ಬಂದವು. ಪೊರಕೆ ಮೂಲೆ ಸೇರಿತು. ಅವಳು ಮಡಿಸುವವಳಾದಳು. ಊರು ಹುಬ್ಬೇರಿಸಿತು, ಅವಳು ಅದಕ್ಕಿಂತ ಮೇಲಕ್ಕೆ ಹುಬ್ಬೇರಿಸಿದಳು.

"ನನಗೆ ಯಾರೂ ಕಲಿಸಲಿಲ್ಲ. ನನ್ನ ಕಣ್ಣು, ನನ್ನ ಬುದ್ಧಿ" ಎಂದು ಅವಳು ಹೇಳದ ದಿನವಿರಲಿಲ್ಲ. ಅಕ್ಷರ ಹೊಳೆದ ಆ ದಿನ ಅವಳ ಗೂಡಿನ ತಳದಲ್ಲಿತ್ತು. ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ, ಮೊಣಕಾಲ ಮೇಲೆ ಹಾಸಿಕೊಂಡು ನೋಡುತ್ತಿದ್ದಳು. ಅವಳಿಗಿದ್ದ ಆಸ್ತಿ ಅದೊಂದೇ. ಅದರ ಅಂಚಿನ ಎಳೆ ಎಣಿಸಿ ಬಾಯಿಪಾಠ ಮಾಡಿಕೊಂಡಿದ್ದಳು: ಇಪ್ಪತ್ತಮೂರನೇ ವರ್ಷ, ಒಂಬತ್ತನೇ ತಿಂಗಳು, ಎಂಟನೇ ತಾರೀಖು.

ಅಜ್ಜ ಚೀಟಿ ಬರೆಯುತ್ತ ಗೊಣಗಿದಾಗಲೆಲ್ಲ, "ಬಾಯಿ ಮುಚ್ಚಿಕೊಂಡು ಬರೆಯೋಕೆ ಬರಲ್ವಾ ಅಜ್ಜ?" ಅನ್ನುತ್ತಿದ್ದಳು.

"ಬರಲ್ಲ ತಾಯಿ," ಅನ್ನುತ್ತಿದ್ದ ಅಜ್ಜ.

ನಲವತ್ತೊಂದನೇ ವರ್ಷದಲ್ಲಿ ಅಟ್ಟದ ತೊಲೆ ಬಿರುಕುಬಿಟ್ಟಿತು.

ಊರ ಹಿರಿಯಳು ಬಂದು ತಲೆಯೆತ್ತಿ ನೋಡಿದಳು. ಬಿರುಕಿನೊಳಗೆ ಬೆರಳಿಟ್ಟಳು. "ಭಾರ ಜಾಸ್ತಿಯಾಗಿದೆ. ಎಲ್ಲರ ಗೂಡಿನ ತಳದ ದಿನಗಳನ್ನು ತೆಗೆದು ಹೊಳೆಗೆ ಬಿಡೋದು. ಬೇರೆ ದಾರಿ ಇಲ್ಲ" ಅಂದಳು.

"ತಳದ್ದು ಅಂದರೆ ಎಷ್ಟು?" ಮಡಿಸುವವಳು ಕೇಳಿದಳು.

"ಮೊಣಕೈಯುದ್ದ."

ಮಡಿಸುವವಳು ತನ್ನ ಗೂಡಿನೊಳಗೆ ಕೈಯಿಟ್ಟು ಅಳೆದಳು. ಇಪ್ಪತ್ತಮೂರನೇ ವರ್ಷವೆಲ್ಲ ಮೊಣಕೈಯೊಳಗೇ ಇತ್ತು.

"ಏಳು ದಿನ ಕೊಡಿ. ಒಂದು ದಿನವನ್ನೂ ಬಿಸಾಡದೆ ಭಾರ ಇಳಿಸ್ತೀನಿ."

"ನೀನೊಬ್ಬಳೇ? ಲಕ್ಷಗಟ್ಟಲೆ ದಿನಗಳಿವೆ ಕಣೇ."

"ನಾನೊಬ್ಬಳೇ."

"ಏಳನೇ ಬೆಳಗ್ಗೆ ಬುಟ್ಟಿ ತಗೊಂಡು ಬರ್ತೀನಿ" ಅಂದು ಹಿರಿಯಳು ಮೆಟ್ಟಿಲಿಳಿದಳು.

ದಿನಗಳಿಗೆ ಕಿವಿಯಿತ್ತು. ಇದು ಅಜ್ಜನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಹೆಸರು ಹಿಡಿದು ಕರೆದರೆ ಗೂಡಿನಿಂದ ಇಳಿದು ಬರುತ್ತಿದ್ದವು. ಮಡಿಸಿಕೋ ಅಂದರೆ ಮಡಿಸಿಕೊಳ್ಳುತ್ತಿದ್ದವು. ಹೇಳಿದಂತೆ ಕೇಳುತ್ತಿದ್ದವು, ಹೇಳಿದಷ್ಟೇ ಕೇಳುತ್ತಿದ್ದವು. ಆದರೆ ಒಂದೊಂದನ್ನೂ ಕರೆದು ಒಂದೊಂದಕ್ಕೂ ಹೇಳುತ್ತ ಕೂತರೆ ಏಳು ದಿನವಲ್ಲ, ಏಳು ಜನ್ಮ ಸಾಲದು. ಮಡಿಸುವವಳು ಯೋಚಿಸಿದಳು. ಹೇಳುವ ಮಾತು ಎಲ್ಲಕ್ಕೂ ಒಂದೇ. ಹಾಗಾದರೆ ಅದನ್ನು ಒಂದೇ ಸಲ ಬರೆದು, ಒಂದೇ ಸಲ ಓದಿ, ಒಂದಾದ ಮೇಲೊಂದು ಎಲ್ಲವೂ ಕೇಳುವಂತೆ ಮಾಡಿದರೆ?

ಮೊದಲು ಒಂದು ದಿನದ ಮೇಲೆ ಮಡಿಕೆಯ ಬಗೆಯನ್ನು ಕಂಡುಕೊಂಡಳು. ಆಗ ದಿನ ತಂದಿದ್ದವಳು ದೋಣಿಯವಳು. ಅವಳು ಆಚೆ ದಡದಲ್ಲೇ ಹೆಚ್ಚು ಇರುವವಳು, ಎರಡು ದಿನ ತಡವಾಗಿ, ಅಂಚು ಸಡಿಲವಾದ ಮೇಲೆ ತರುವವಳು.

"ಯಾವತ್ತಿನದು?"

"ಮೊನ್ನೆದು ಅಕ್ಕಾ. ಈ ಸಲ ನಿಜವಾಗ್ಲೂ ಮೊನ್ನೆದೇ."

ಮಡಿಸುವವಳು ಬಟ್ಟೆ ಹಾಸಿ ನೋಡಿದಳು. ಬಟ್ಟೆಯ ತುಂಬ ದೋಣಿಯ ಹುಟ್ಟು ಹಾಕುವುದೇ. ಒಂದು ಹುಟ್ಟು, ಇನ್ನೊಂದು ಹುಟ್ಟು, ಮತ್ತೊಂದು ಹುಟ್ಟು. ನಡುವೆ ಒಂದು ಕಡೆ ನೀರಿನಿಂದ ಮೀನೊಂದು ಹಾರಿದೆ. ಮತ್ತೆ ಹುಟ್ಟು. ಅವಳು ಬಟ್ಟೆಗೆ ಹೇಳಿದಳು: "ಮತ್ತೆ ಮತ್ತೆ ಬಂದದ್ದು ಒಮ್ಮೆ ಉಳಿಯಲಿ. ಎಷ್ಟು ಸಲ ಬಂತೋ ಅಷ್ಟು ಗಂಟು ಬೀಳಲಿ." ಬಟ್ಟೆ ಒಂದು ಹುಟ್ಟನ್ನು ಇಟ್ಟುಕೊಂಡಿತು, ಒಂದು ಮೀನನ್ನು ಇಟ್ಟುಕೊಂಡಿತು, ಮಿಕ್ಕದ್ದನ್ನು ಎಳ್ಳಿನಂಥ ಗಂಟುಗಳಾಗಿ ಕಟ್ಟಿಕೊಂಡಿತು. ಕೊನೆಗೆ ಏಲಕ್ಕಿಯಷ್ಟಾಗಿ ಅವಳ ಅಂಗೈಯಲ್ಲಿ ಕೂತಿತು.

ದೋಣಿಯವಳ ಮುಖ ಕಪ್ಪಿಟ್ಟಿತು. "ಇಷ್ಟೇನಾ? ಬೆಳಗ್ಗೆಯಿಂದ ತೋಳು ಬಿದ್ದುಹೋಗೋ ಹಾಗೆ ದುಡಿದಿದ್ದೀನಿ, ಏಲಕ್ಕಿ ಮಾಡಿಬಿಟ್ಟೆಯಲ್ಲ!"

"ಬಿಚ್ಚಿ ತೋರಿಸ್ತೀನಿ, ನಿಲ್ಲು."

ಬಿಚ್ಚಿಕೋ ಅಂದಳು. ಗಂಟು ಸಡಿಲವಾಗುತ್ತಿದ್ದಂತೆ ಹುಟ್ಟುಗಳೆಲ್ಲ ಒಂದೊಂದಾಗಿ ತಮ್ಮ ಜಾಗಕ್ಕೆ ಬಂದವು. ಮೀನು ಹಾರಿದ ಕಡೆಯೇ ಹಾರಿತು. ದೋಣಿಯವಳು ನೆಲಕ್ಕೆ ಕೂತು ತುದಿಯಿಂದ ತುದಿಗೆ ನೋಡಿದಳು.

"ಒಂದೂ ಹೋಗಿಲ್ಲ ಅಕ್ಕಾ."

"ಹೋಗೋಕೆ ಬಿಡ್ತೀನಾ?"

"ಮಡಿಸು ಹಾಗಾದ್ರೆ. ಮೀನಿನ ಮೇಲೆ ಮಾತ್ರ ಜೋರಾಗಿ ಒತ್ತಬೇಡ."

ಹೆಸರಿನ ಬಗೆಯನ್ನೂ ಮಡಿಸುವವಳೇ ತೀರ್ಮಾನಿಸಿದಳು. ಇನ್ನು ಮೊನ್ನೆಗಳಿಲ್ಲ. ಅಂಚಿನ ಎಳೆಗಳ ಎಣಿಕೆಯೇ ಹೆಸರು; ಅಂಕಿಯ ಹೆಸರಿದ್ದರೆ ದಿನಗಳು ಮೊದಲ ಅಂಕಿ ನೋಡಿ ಸಾಲು ನಿಲ್ಲುತ್ತವೆ. ವರ್ಷ ಮೊದಲು, ತಿಂಗಳು ಆಮೇಲೆ, ತಾರೀಖು ಕೊನೆಗೆ; ತಾರೀಖು ಮೊದಲು ಬಂದರೆ ಎಲ್ಲ ತಿಂಗಳ ಒಂದನೇ ತಾರೀಖುಗಳೂ ಒಂದೇ ಕಡೆ ಗುಂಪುಗೂಡಿ ಕೂರುತ್ತವೆ. ಒಂಟಿ ಅಂಕಿಗಳ ಮುಂದೆ ಒಂದು ಸೊನ್ನೆ. ಇಲ್ಲದಿದ್ದರೆ ಹತ್ತು ಎಂಬುದು ಒಂದರ ಬೆನ್ನಿಗೆ ಅಂಟಿಕೊಂಡು ಎರಡಕ್ಕಿಂತ ಮುಂದೆ ನುಗ್ಗುತ್ತದೆ.

ಸೊನ್ನೆ ನೋಡಿ ಅಜ್ಜ ನಕ್ಕ. "ಏನೂ ಇಲ್ಲದ್ದಕ್ಕೂ ಜಾಗ ಕೊಟ್ಟೆಯಾ?"

"ಏನೂ ಇಲ್ಲದ್ದು ಮುಂದೆ ನಿಂತರೇ ಇದ್ದದ್ದು ಸಾಲಾಗಿ ನಿಲ್ಲೋದು," ಅಂದಳು. ಆಮೇಲೆ ಗೋಡೆಗೆ ಒರಗಿ ಕೂತು ಒಂದು ಚೀಟಿಯ ಮೇಲೆ ಆರು ಸಾಲು ಬರೆದಳು. ಅದಕ್ಕೆ ಅಪ್ಪಣೆ ಚೀಟಿ ಎಂದು ಹೆಸರಿಟ್ಟಳು.

ಒಂದು ದಿನ ಎದ್ದು ಬರಲಿ.
ಬಂದದ್ದು ಬಿಚ್ಚಿಕೊಂಡು ಅಂಚು ತೋರಲಿ.
ಈ ದಿನದ ತಾರೀಖೇ ಅದರ ಹೆಸರಾಗಲಿ.
ಮತ್ತೆ ಮತ್ತೆ ಬಂದದ್ದು ಒಮ್ಮೆ ಉಳಿಯಲಿ, ಮಿಕ್ಕದ್ದು ಗಂಟಾಗಲಿ.
ಮಡಿಸಿಕೊಂಡು ತನ್ನ ಗೂಡು ಸೇರಲಿ.
ಇನ್ನೂ ಒಂದಿದ್ದರೆ ಮೊದಲ ಸಾಲಿಗೆ ಬರಲಿ.

ಐದನೇ ದಿನದ ಮಧ್ಯಾಹ್ನ ಅದನ್ನು ಓದಿ ನೋಡಬೇಕಿತ್ತು.

"ಮೊದಲು ನನ್ನ ಗೂಡಿನ ಮೇಲೆ ಓದು. ಅದರಲ್ಲಿ ನಿದ್ದೆ ಬಿಟ್ಟರೆ ಇನ್ನೇನೂ ಇಲ್ಲ," ಅಜ್ಜ ಹೇಳಿದ.

"ಬೇರೆಯವರ ಗೂಡಿನ ಮೇಲೆ ಕೈ ಪಳಗಿಸೋಳಲ್ಲ ನಾನು. ನನ್ನದರ ಮೇಲೇ ಓದ್ತೀನಿ."

"ಹಾಗಾದರೆ ಎರಡೇ ಎರಡು ದಿನದ ಮೇಲೆ ಓದು."

"ಎರಡು ಕೇಳಿದರೆ ಎಲ್ಲವೂ ಕೇಳುತ್ತೆ ಅಂತ ಹೇಗೆ ನಂಬೋದು? ಒಂದು ವರ್ಷ ಬೇಕು."

"ಯಾವ ವರ್ಷ?"

"ಇಪ್ಪತ್ತಮೂರು. ಹೊಳೆಗೆ ಹೋಗೋದು ಅದೇ ತಾನೇ."

ಅಜ್ಜ ಅವಳ ಗೂಡಿನ ತಳದತ್ತ ಒಮ್ಮೆ ನೋಡಿದ. ಅವಳು ಮೇಲಿನ ವರ್ಷಗಳನ್ನೆಲ್ಲ ಗೂಡಿನಿಂದ ತೆಗೆದು ಪಕ್ಕಕ್ಕಿಟ್ಟು, ಗೂಡಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ಅಪ್ಪಣೆ ಚೀಟಿಯನ್ನು ಓದಿದಳು.

ಮೊದಲ ದಿನ ಎದ್ದು ಬಂತು. ಬಿಚ್ಚಿಕೊಂಡಿತು, ಅಂಚು ತೋರಿತು, ಹೆಸರಿಟ್ಟುಕೊಂಡಿತು, ಮಡಿಸಿಕೊಂಡಿತು, ಗೂಡು ಸೇರಿತು. ಎರಡನೆಯದು ಬಂತು. ಮೂರನೆಯದು ಬಂತು. ಬಟ್ಟೆಗಳು ಸಾಲಾಗಿ ಏಳುತ್ತಿದ್ದವು, ಸಾಲಾಗಿ ಇಳಿಯುತ್ತಿದ್ದವು. ಪಾರಿವಾಳಗಳು ರೆಕ್ಕೆ ಬಡಿದಂಥ ಸದ್ದು. ಮಡಿಸುವವಳ ಮುಖ ಅರಳಿತು. "ನೋಡಿ ಅಜ್ಜ, ನೋಡಿ! ಹೇಗೆ ಕೇಳ್ತಾ ಇವೆ!"

ಸದ್ದು ನಿಂತ ಮೇಲೆ ಗೂಡಿನೊಳಗೆ ಕೈಯಿಟ್ಟಳು. ಒಂದೇ ಒಂದು ಏಲಕ್ಕಿ ಸಿಕ್ಕಿತು. ಇನ್ನೂ ಒಳಗೆ ಕೈಯಾಡಿಸಿದಳು. ಮರದ ಹಲಗೆ ಸಿಕ್ಕಿತು.

ಉಳಿದ ಒಂದರ ಹೆಸರು ಓದಿದಳು. ಅದು ಅಂದಿನ ತಾರೀಖು. ನಲವತ್ತೊಂದನೇ ವರ್ಷದ, ಇನ್ನೂ ಸಂಜೆಯಾಗದ, ಆ ಮಧ್ಯಾಹ್ನದ ತಾರೀಖು. ಪ್ರತಿ ದಿನವೂ ಅದೇ ಹೆಸರಿಟ್ಟುಕೊಂಡು, ಅದೇ ಜಾಗಕ್ಕೆ ಹೋಗಿ, ತನಗಿಂತ ಮುಂಚೆ ಬಂದದ್ದನ್ನು ನುಂಗಿತ್ತು. ಇಡೀ ವರ್ಷದಲ್ಲಿ ಉಳಿದದ್ದು ಕೊನೆಗೆ ಬಂದ ಒಂದು ದಿನ. ಬಿಚ್ಚಿ ನೋಡಿದರೆ ಅವಳು ಜ್ವರ ಬಂದು ಕಂಬಳಿ ಹೊದ್ದು ಮಲಗಿದ್ದ ದಿನ.

ಅಕ್ಷರ ಹೊಳೆದ ದಿನ ಇತ್ತೆಂದು ಅವಳಿಗೆ ಗೊತ್ತಿತ್ತು. ಹೇಗಿತ್ತೆಂದು ಗೊತ್ತಿರಲಿಲ್ಲ.

ಅವಳು ಅಳಲಿಲ್ಲ. ಅತ್ತರೆ ಅದೂ ಇಂದಿನ ಬಟ್ಟೆಯಲ್ಲಿ ನೇಯ್ದುಕೊಳ್ಳುತ್ತದೆ ಎಂದು ಹಲ್ಲು ಕಚ್ಚಿದಳು. ಅಪ್ಪಣೆ ಚೀಟಿಯನ್ನು ನೆಲದ ಮೇಲೆ ಹರಡಿ, ಮೇಲಿನಿಂದ ಕೆಳಗೆ ಓದಿದಳು. ಕೆಳಗಿನಿಂದ ಮೇಲೆ ಓದಿದಳು. "ನಾನು ಬರೆದದ್ದು ಸರಿಯಾಗೇ ಇದೆ. ಈ ಬಟ್ಟೆಗಳಿಗೇ ಬುದ್ಧಿಯಿಲ್ಲ," ಅಂದಳು.

ಅಜ್ಜ ಕುಂಟುತ್ತ ಬಂದು ಪಕ್ಕದಲ್ಲಿ ಕೂತ. ಚೀಟಿ ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದ. ಅವನ ಚಾಳಿಯಂತೆ ಗೊಣಗತೊಡಗಿದ. "ಈ... ದಿ... ನದ... ತಾರೀಖೇ... ಈ ದಿನದ..."

"ಸುಮ್ಮನಿರಿ ಅಜ್ಜ, ಮೊದಲೇ ತಲೆ ಕೆಟ್ಟಿದೆ."

"ಈ... ದಿನದ..." ಅಜ್ಜ ಕೆಮ್ಮಿದ. "ಈ..."

ಮಡಿಸುವವಳು ತಟ್ಟನೆ ಚೀಟಿ ಕಿತ್ತುಕೊಂಡಳು. ಈ ದಿನ. ಕೈಯಲ್ಲಿರುವ ಈ ದಿನ ಎಂದು ಅವಳು ಬರೆದಿದ್ದಳು. ಆದರೆ ಈ ದಿನವೆಂದರೆ ಇವತ್ತು. ಹುಟ್ಟಿದಾಗಿನಿಂದ ಎಲ್ಲರ ಬಾಯಲ್ಲೂ ಈ ದಿನವೆಂದರೆ ಇವತ್ತೇ. ದಿನಗಳು ಹೇಳಿದಷ್ಟೇ ಕೇಳಿದ್ದವು. ಅವಳು ಕಡ್ಡಿಯನ್ನು ಮಸಿಯಲ್ಲದ್ದಿ 'ಈ' ಮೇಲೆ ಗೀಟೆಳೆದಳು. ಪಕ್ಕದಲ್ಲಿ ಬರೆದಳು: 'ಆ'.

ಆ ದಿನದ ತಾರೀಖೇ ಅದರ ಹೆಸರಾಗಲಿ.

ಹದಿನೆಂಟು ವರ್ಷದ ಹಿಂದೆ ಮೊದಲು ಹೊಳೆದ ಅಕ್ಷರವನ್ನೇ ಅವಳು ಬಿಟ್ಟಿದ್ದಳು.

"ನಾನೇ ಕಂಡುಹಿಡಿದೆ," ಅಂದಳು, ದನಿ ಮಾತ್ರ ಸಣ್ಣದಾಗಿತ್ತು.

"ನೀನೇ ಕಂಡುಹಿಡಿದೆ," ಅಂದ ಅಜ್ಜ.

ಈ ಸಲ ಎರಡೇ ದಿನದ ಮೇಲೆ ಓದಿದಳು. ಜ್ವರದ ದಿನ ಒಂದು, ನಿನ್ನೆಯದು ಒಂದು. ಎರಡಕ್ಕೂ ಅದರದರ ಹೆಸರು ಬಂತು. ಎರಡೂ ಪಕ್ಕಪಕ್ಕ ಕೂತವು. ಎರಡನ್ನೂ ಬಿಚ್ಚಿ ನೋಡಿದಳು, ಮತ್ತೆ ಮಡಿಸಿದಳು. ಮರುದಿನ ಹತ್ತು ದಿನದ ಮೇಲೆ ಓದಿದಳು. ಆಮೇಲೆ ನೂರು.

ಏಳನೇ ಬೆಳಗ್ಗೆ ಹಿರಿಯಳು ಬುಟ್ಟಿ ತಂದಳು. ಊರೂ ಅವಳ ಹಿಂದೆ ಬಂದು ಕಂಬಗಳ ನಡುವೆ ನಿಂತಿತು. ಮಡಿಸುವವಳು ಮೆಟ್ಟಿಲ ಮೇಲೆ ನಿಂತು ಅಪ್ಪಣೆ ಚೀಟಿ ಬಿಡಿಸಿದಳು. ಮೂರನೇ ಸಾಲಿಗೆ ಬಂದು ನಿಂತಳು. ತನ್ನದಾದರೆ ಹೋದದ್ದು ತನ್ನದು. ಇವು ಊರಿನವು. 'ಆ' ಎಂಬ ಅಕ್ಷರದ ಮೇಲೆ ಬೆರಳಿಟ್ಟುಕೊಂಡು ಓದಿದಳು.

ಅಟ್ಟ ಉಸಿರೆಳೆದುಕೊಂಡಿತು. ದಿನಗಳು ಎದ್ದವು. ಮೊನ್ನೆಗಳು ಎದ್ದವು, ದೊಡ್ಡ ಮೊನ್ನೆಗಳು ಎದ್ದವು, ಸೊಸೆ ಮುನಿಸಿಕೊಂಡ ಮೊನ್ನೆ ಮುಖ ಊದಿಸಿಕೊಂಡೇ ಎದ್ದಿತು. ಬಂದವು, ಬಿಚ್ಚಿಕೊಂಡವು, ಹೆಸರಾದವು, ಗಂಟಾದವು, ಮಡಿಸಿಕೊಂಡವು, ಗೂಡು ಸೇರಿದವು. ನೆರಳು ಕಂಬದ ಬುಡಕ್ಕೆ ಬರುವವರೆಗೂ ಬಂದವು. ಕೊನೆಯ ದಿನ ಕೂತಾಗ ತೊಲೆ ಒಮ್ಮೆ ಕಿರುಗುಟ್ಟಿ, ನಿಧಾನವಾಗಿ ತನ್ನ ಬಿರುಕನ್ನು ಮುಚ್ಚಿಕೊಂಡಿತು.

ಹಿರಿಯಳು ತನ್ನ ಗೂಡಿನ ಮುಂದೆ ನಿಂತಳು. "ನನ್ನ ಮಗಳ ಮದುವೆ ಎಲ್ಲಿದೆ? ಮೊನ್ನೆ ಮೊನ್ನೆ ಆದದ್ದು."

"ಹತ್ತೊಂಬತ್ತನೇ ವರ್ಷ, ಸೊನ್ನೆ ಎರಡು, ಹನ್ನೊಂದು," ಎಂದು, ಅದು ಬಿಚ್ಚಿಕೊಂಡಾಗಲೇ ಅಂಚು ಗುರುತಿಟ್ಟುಕೊಂಡಿದ್ದ ಮಡಿಸುವವಳು ಮತ್ತೆ ಎಣಿಸದೆ ಕೈಹಾಕಿ ತೆಗೆದುಕೊಟ್ಟಳು. ಹಿರಿಯಳು ಬುಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ಕೂತು, ಮಗಳ ಮದುವೆಯನ್ನು ಮಡಿಲಲ್ಲಿ ಬಿಚ್ಚಿಕೊಂಡಳು.

ಎಲ್ಲರೂ ಹೋದ ಮೇಲೆ ಮಡಿಸುವವಳು ತನ್ನ ಗೂಡಿನ ಮುಂದೆ ನಿಂತಳು. ಹೆಸರುಗಳು ಸಾಲಾಗಿದ್ದವು. ಸಾಲಾಗಿದ್ದರಿಂದ ಖಾಲಿ ಜಾಗ ಎದ್ದು ಕಾಣುತ್ತಿತ್ತು. ಅಜ್ಜ ಅವಳನ್ನು ನೋಡಿದ. ತನ್ನ ಗೂಡಿನತ್ತ ನೋಡಿದ. ಮತ್ತೆ ಅವಳನ್ನು ನೋಡಿದ.

"ಇಪ್ಪತ್ತಮೂರು, ಸೊನ್ನೆ ಒಂಬತ್ತು, ಸೊನ್ನೆ ಎಂಟು," ಅಂದ. "ಆವತ್ತು ನಾನೂ ಇಲ್ಲೇ ಇದ್ದೆನಲ್ಲ."

ಅವಳು ತಿರುಗಿದಳು. ಅಜ್ಜನ ಗೂಡಿನಲ್ಲಿ ಇಷ್ಟು ವರ್ಷ ಬರೀ ಮೊನ್ನೆಗಳ ರಾಶಿಯಿತ್ತು. ಯಾವ ಮೊನ್ನೆ ಯಾವುದೆಂದು ಅವನಿಗೂ ತಿಳಿದಿರಲಿಲ್ಲ. ಈಗ ಕರೆದರೆ ಸಾಕಿತ್ತು.

"ಕರೀಲಾ?"

"ಕರಿ. ನಾನು ಗೊರಕೆ ಹೊಡೀತಾ ಮಲಗಿರ್ತೀನಿ. ನಗಬೇಡ."

ಕರೆದಳು. ಏಲಕ್ಕಿಯೊಂದು ಉರುಳಿ ಬಂತು. ಬಿಚ್ಚಿಕೋ ಅಂದಳು.

ಬೆಳಗ್ಗೆ. ಅಜ್ಜ ಚೀಟಿ ಬರೆಯುತ್ತಿದ್ದಾನೆ, ಮೊದಲು ಸಣ್ಣ ಅಕ್ಷರದಲ್ಲಿ, ಇರುವೆಯಷ್ಟು ಸಣ್ಣದು, ಸೊಗಸಾದದ್ದು. ಗುಡಿಸುವವಳು ಪೊರಕೆ ನಿಲ್ಲಿಸಿ ಇಣುಕುತ್ತಾಳೆ. ಅಜ್ಜ ಅದನ್ನು ನೋಡುತ್ತಾನೆ. ಬರೆದ ಚೀಟಿಯನ್ನು ಹರಿದುಹಾಕಿ, ಇನ್ನೊಂದು ತೆಗೆದು ಅಂಗೈಯಗಲ ಬರೆಯುತ್ತಾನೆ. ಬರೆಯುತ್ತ ಬಾಯಿ ಬಿಡುತ್ತಾನೆ. "ಆ... ಚೆ... ಮೊನ್ನೆ." ಚೀಟಿಯನ್ನು ಅವಳ ಕಡೆ ಮುಖ ಮಾಡಿ ಕಟ್ಟುತ್ತಾನೆ. ಕಂಬಕ್ಕೊರಗಿ ಗೊರಕೆ ಹೊಡೆಯುತ್ತಾನೆ. ಬಟ್ಟೆಯ ಮಿಕ್ಕ ಭಾಗವೆಲ್ಲ ಸಣ್ಣ ಸೀಳಿನಂತಿದೆ, ಅರೆ ಮುಚ್ಚಿದ ಕಣ್ಣಿನಿಂದ ಕಂಡದ್ದು. ಆ ಸೀಳಿನಲ್ಲಿ ಹೆಣ್ಣೊಬ್ಬಳು ಚೀಟಿಯ ಮೇಲೆ ಬೆರಳಿಟ್ಟು ನಿಂತಿದ್ದಾಳೆ. ತುಟಿ ಅಲ್ಲಾಡುತ್ತದೆ. ಆಮೇಲೆ ಅವಳ ಮುಖ. ಆ ಮುಖವನ್ನು ಅವಳೇ ಎಂದೂ ನೋಡಿರಲಿಲ್ಲ. ತನ್ನ ದಿನದಲ್ಲಿ ತನ್ನ ಮುಖ ಇರುವುದಿಲ್ಲ.

ಮಡಿಸುವವಳು ಇರುವೆಯಷ್ಟು ಸಣ್ಣ ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ನಿಮ್ಮ ಕಣ್ಣು ಮಂಜಾಗಿರಲಿಲ್ಲ," ಅಂದಳು.

"ಆಮೇಲೆ ಆಯಿತು. ಹೇಳ್ತಾ ಹೇಳ್ತಾ."

"ಕಲಿಸ್ತೀನಿ ಅಂತ ಒಂದು ಮಾತು ಹೇಳಬಹುದಿತ್ತಲ್ಲ?"

"ಹೇಳಿದ್ದರೆ ಪೊರಕೆ ಎಸೆದು ಹೋಗ್ತಿದ್ದೆ. ನಿನ್ನ ಮೂಗಿನ ತುದಿಯ ಕೋಪ ನನಗೆ ಗೊತ್ತಿಲ್ಲವಾ?"

ಅವಳು ಮೂಗೊರೆಸಿಕೊಂಡಳು. "ಆದರೂ ಕಲಿತದ್ದು ನಾನು."

"ನೀನೇ. ನಾನು ಮಲಗಿದ್ದೆ." ಅಜ್ಜ ಬಟ್ಟೆಯನ್ನು ಅವಳ ಕಡೆ ತಳ್ಳಿದ. "ತಗೋ. ನಿನ್ನ ಗೂಡಿನ ಖಾಲಿ ಜಾಗದಲ್ಲಿಡು. ಹೆಸರೂ ಅದೇ."

ಅವಳು ಬೇಡವೆಂದು ತಲೆಯಾಡಿಸಿದಳು. ಬಟ್ಟೆಗೆ ಮಡಿಸಿಕೊಳ್ಳಲು ಹೇಳಿ, ಎರಡೂ ಕೈಯಲ್ಲಿ ಎತ್ತಿ, ಅಜ್ಜನ ಗೂಡಿನಲ್ಲೇ ಇಟ್ಟಳು. "ನಿಮ್ಮ ದಿನ ನಿಮ್ಮಲ್ಲೇ ಇರಲಿ. ಹೆಸರು ನನಗೆ ಗೊತ್ತಿದೆ. ಕರೆದರೆ ಬರುತ್ತೆ."

ಸೂರ್ಯ ಹೊಳೆಯಾಚೆ ಇಳಿದ. ಇಬ್ಬರ ಹೆಗಲಿನಿಂದಲೂ ಅಂದಿನ ದಿನ ಜಾರಿ ಬಿತ್ತು. ಆಗ ಮೆಟ್ಟಿಲ ಮೇಲೆ ಒದ್ದೆ ಕಾಲಿನ ಸದ್ದಾಯಿತು. ದೋಣಿಯವಳು ತನ್ನ ಬಟ್ಟೆ ಹಿಡಿದು ಬಂದಿದ್ದಳು.

"ಯಾವತ್ತಿನದು?"

"ಮೊನ್ನೆ..." ಅಂದವಳು ನಾಲಿಗೆ ಕಚ್ಚಿಕೊಂಡಳು. "ನೀನೇ ಎಣಿಸು ಅಕ್ಕಾ. ನನಗೆ ಎಲ್ಲಿ ಬರುತ್ತೆ ಇದೆಲ್ಲ."

ಬಟ್ಟೆ ಕೊಟ್ಟ ಮೇಲೂ ಅವಳು ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ, ಗೂಡುಗಳ ಮೇಲೆ ಸಾಲಾಗಿ ನಿಂತ ಚೀಟಿಗಳನ್ನು ನೋಡುತ್ತಿದ್ದಳು. ಒಂದರ ಮೇಲೆ ಕಣ್ಣು ನಿಲ್ಲಿಸಿದಳು, ಬೇರೆ ಕಡೆ ತಿರುಗಿದಳು, ಮತ್ತೆ ಅದರ ಮೇಲೇ ನಿಲ್ಲಿಸಿದಳು.

ಮಡಿಸುವವಳು ಅದನ್ನು ನೋಡಿದಳು. ಅರ್ಧ ಬರೆದಿದ್ದ ಸಣ್ಣಕ್ಷರದ ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇನ್ನೊಂದು ತೆಗೆದಳು. ಕಡ್ಡಿಯನ್ನು ಮಸಿಯಲ್ಲದ್ದಿ, ಅಂಗೈಯಗಲವಾಗಿ, ಬಾಯಿಬಿಟ್ಟು ಗೊಣಗುತ್ತ ಬರೆಯತೊಡಗಿದಳು.

"ನ... ಲ... ವ... ತ್ತೊಂ... ದು."

"ಇದೇನಕ್ಕಾ, ಇಷ್ಟು ದಪ್ಪ ಬರೀತಿದ್ದೀಯ? ಕಣ್ಣು ಮಂಜಾಯ್ತಾ?"

"ಹೂಂ," ಅಂದಳು ಮಡಿಸುವವಳು. "ಮಂಜಾಗಿದೆ."

ಕಂಬದ ಬುಡದಲ್ಲಿ ಅಜ್ಜ ಗೊರಕೆ ಹೊಡೆಯುತ್ತಿದ್ದ. ಒಂದು ಕಣ್ಣು ಮಾತ್ರ ಸರಿಯಾಗಿ ಮುಚ್ಚಿರಲಿಲ್ಲ.